ಪರದೆ ಮುಂದಿನ ಹೆಂಡತಿ

ಕಳೆದ ತಿಂಗಳು ಹಾಲಾಡಿಯಲ್ಲಿ ಒಂದು ಮದುವೆ. ಮದುಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಬರೋಣವೆಂದು ವೇದಿಕೆ ಹತ್ತಿ ಸಾಲಿನಲ್ಲಿ ನಿಂತಿದ್ದೆ. ಹೂವಿನ ಅಲಂಕಾರದ ಹಿಂದೆ ಸಭಾಭವನದ ಹಳೆಯ ಕೆಂಪು ಪರದೆಯನ್ನು ಸುತ್ತಿ ಕಂಬಕ್ಕೆ ಕಟ್ಟಿದ್ದರು. ಮಳೆಗಾಲವಿಡೀ ಒಣಗದ ಬಟ್ಟೆ, ನುಸಿಗುಳಿಗೆ, ಯಾವ ಕಾಲದಲ್ಲೋ ಮೆತ್ತಿದ ಮುಖದ ಪೌಡರ್, ಎಲ್ಲ ಸೇರಿದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯಿತು. ಸೆರಗು ಸಿಕ್ಕಿಸಿ, ಗಂಟಲು ಸರಿಮಾಡಿ, ಬೈಯಲು ಸಿದ್ಧಳಾಗಿ ನಿಂತಿದ್ದೆ. ಎದುರಿಗಿದ್ದ ಮದುಮಗ ಪಾಪ ಒಂದು ಹೆಜ್ಜೆ ಹಿಂದೆ ಸರಿದ.

ಊಟಕ್ಕೆ ಕೂತಾಗ ಎದುರಿನ ಪಂಕ್ತಿಯ ಅಜ್ಜರೊಬ್ಬರು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಹ್ವಾಯ್, ನೀವ್ ಹಂಗಾರಕಟ್ಟೆ ಶೀನಣ್ಣನ ಹೆಂಡ್ತಿ ಅಲ್ದಾ? ಅವ್ರ್ ಹೋದ್ರ್ ಗಡ. ಕೇಂಡ್ ಬಾರೀ ಬೇಜಾರಾಯ್ತ್ ಮಾರಾಯ್ರೆ."

"ನಾನ್ ಅಲ್ಲ," ಅಂದೆ.

"ನೀವೇ. ನಂಗೊತ್ತಿಲ್ಯಾ? ವಂಡ್ಸೆಗೆ ಬಂದಿದ್ರಿ ಅಲ್ದಾ. ಎಂತಾ ಜೋಡಿ ನಿಮ್ದ್!"

ಅಷ್ಟು ಹೇಳಿ ಬಡಿಸುವವನನ್ನು ಕೂಗಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ನನ್ನ ಬಲಗಡೆ ನನ್ನ ಯಜಮಾನರು, ಗಟ್ಟಿಮುಟ್ಟಾಗಿ, ಜೀವಂತವಾಗಿ, ಪಾಯಸ ಸೊರ್ರೆಂದು ಎಳೆಯುತ್ತಿದ್ದರು. ವಿಧವೆಯಾದದ್ದಕ್ಕೆ ಸಿಕ್ಕ ಹೋಳಿಗೆಯಲ್ಲಿ ಅರ್ಧವನ್ನು ಅವರೇ ತಿಂದರು.

ನಗು ಬಂತು. ಆದರೆ ಕೈ ತೊಳೆಯುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ಲಾಕ್‌ಡೌನ್‌ಗೆ ಎರಡು ವರ್ಷ ಮೊದಲಿನ ಒಂದು ಮಳೆಗಾಲದಲ್ಲಿ, ಬರೀ ಎರಡು ತಿಂಗಳು, ನಾನು ಶೀನಣ್ಣನ ಹೆಂಡತಿಯಾಗಿದ್ದದ್ದು ಹೌದು. ಪರದೆಯ ಮುಂದೆ ಮಾತ್ರ. ಆ ಎರಡು ತಿಂಗಳಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಶೀನಣ್ಣ ಯಾರೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೈಂದೂರಿಂದ ಬ್ರಹ್ಮಾವರದವರೆಗೆ ಎಲ್ಲಿ ನಾಟಕವಿರಲಿ, ಶಾಲಾ ವಾರ್ಷಿಕೋತ್ಸವವಿರಲಿ, ಹಾಡು-ಕುಣಿತದ ಕಾರ್ಯಕ್ರಮವಿರಲಿ, ಒಂದು ಐಟಂ ಮುಗಿದು ಇನ್ನೊಂದಕ್ಕೆ ಹಿಂದೆ ಸಾಮಾನು ಎಳೆದಾಡುವ ಹತ್ತು ನಿಮಿಷ ಜನ ಎದ್ದುಹೋಗದಂತೆ ಪರದೆಯ ಮುಂದೆ ನಿಂತು ಹಿಡಿದಿಡುವುದು ಅವರ ಕೆಲಸ. ಉದ್ದ ಕಾಲು, ದೊಡ್ಡ ಕಿವಿ, ಅಪ್ಪಿತಪ್ಪಿಯೂ ನಗದ ಮುಖ. ಕೈಯಲ್ಲೊಂದು ಕೊಡೆ. ನಾಟಕ ಮರೆತುಹೋದವರಿಗೂ ಆ ಹತ್ತು ನಿಮಿಷ ನೆನಪಿರುತ್ತಿತ್ತು. ಉಳಿದ ದಿನಗಳಲ್ಲಿ ಅವರು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವಲ್ಲಿ ಹಲಗೆಯ ಸಂದಿಗೆ ಹತ್ತಿ ತುಂಬಿ ಮೇಣ ಮೆತ್ತುವವರು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತಿಲ್ಲ.

ನಾನು ಆ ಊರಿನ ಅಂಗನವಾಡಿ ಟೀಚರು. ಹುಟ್ಟೂರು ವಂಡ್ಸೆ ಕಡೆ, ಮದುವೆಯಾಗಿ ಇಲ್ಲಿಗೆ ಬಂದವಳು. ಆ ವರ್ಷ ಜೂನಿನಲ್ಲಿ ಅಂಗನವಾಡಿಗೆ ಬಂದ ಅಕ್ಕಿಯಲ್ಲಿ ಹುಳವಿತ್ತೆಂದು ಲಾರಿಯವನನ್ನು ರಸ್ತೆಯಲ್ಲಿ ನಿಲ್ಲಿಸಿ ನಾನು ಜಾಡಿಸುತ್ತಿದ್ದೆ. ಕಾಲು ಗಂಟೆಯಾದರೂ ಆಗಿರಬೇಕು. ಹಿಂದಿರುಗಿ ನೋಡಿದರೆ ಶೀನಣ್ಣ ಮಳೆಯಲ್ಲಿ ಕೊಡೆ ಹಿಡಿದು ನಿಂತು ಕೇಳುತ್ತಿದ್ದಾರೆ, ಸಂಗೀತ ಕಛೇರಿಗೆ ಬಂದವರ ಹಾಗೆ.

"ಟೀಚ್ರೆ, ಲಾಯ್ಕ್ ಬೈತ್ರಿ. ಉಸ್ರ್ ಎಲ್ಲೂ ಕಟ್ಟುದಿಲ್ಲೆ. ನನ್ ಹೆಂಡ್ತಿ ಪಾರ್ಟ್ ಮಾಡು ಹುಡ್ಗ ಬೊಂಬಾಯಿಗೆ ಹೋದ. ನನ್ ಜೊತಿಗೆ ಸ್ಟೇಜಿಗೆ ಬತ್ರಿಯಾ?"

ನನಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಮುಖ ಕೆಂಪಾಯಿತು. ಬೈಯುವುದನ್ನು ಹೊಗಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಮನೆಯಲ್ಲಿ ಹೇಳಿದೆ. ಯಜಮಾನರು ಬೋಟಿನ ಎಂಜಿನ್ ರಿಪೇರಿಯವರು. ಕೈಯ ಎಣ್ಣೆ ಒರೆಸುತ್ತಾ, "ಹೋಯ್ ಮಾರಾಯ್ತಿ. ಊರಿಗೆಲ್ಲ ಹಂಚಿರೆ ನಂಗ್ ಒಂಚೂರ್ ಕಮ್ಮಿ ಆತ್ತ್," ಅಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು.

ಮಳೆಗಾಲ ನಮ್ಮ ಕಡೆ ಕಡಲಿಗೆ ರಜೆ. ಎರಡು ತಿಂಗಳು ಬೋಟುಗಳನ್ನೆಲ್ಲ ಕಟ್ಟಿಹಾಕುತ್ತಾರೆ. ಬಲೆ ನೇಯ್ದು ನೇಯ್ದು ಬೇಸರವಾದ ಗಂಡಸರು, ಮಾರಲು ಹಸಿ ಮೀನಿಲ್ಲದ ಹೆಂಗಸರು, ಎಲ್ಲರೂ ಮನೆಯಲ್ಲೇ. ಹಾಗಾಗಿ ಭಾನುವಾರ ಮಧ್ಯಾಹ್ನ ಯಾವುದಾದರೂ ಸಭಾಭವನದಲ್ಲಿ ಒಂದು ಕಾರ್ಯಕ್ರಮವೆಂದರೆ ಕೂರಲು ಜಾಗವಿಲ್ಲ. ಶೀನಣ್ಣನ ಸುಗ್ಗಿ ಅದು.

ನನಗೆ ಅವರು ಕಲಿಸಿದ್ದು ಒಂದು ಸಂಜೆ, ದೋಣಿ ಕಟ್ಟುವ ಚಪ್ಪರದ ಕೆಳಗೆ. ಬರೆದ ಮಾತು ಒಂದೂ ಇಲ್ಲ. ಕಥೆಯೂ ಇಷ್ಟೇ: ಹೆಂಡತಿ ಬಂಗುಡೆ ತರಲು ಕಳಿಸುತ್ತಾಳೆ. ಹಸಿ ಮೀನಿಲ್ಲದ ಕಾಲ. ಗಂಡ ಮೊಬೈಲಿನಲ್ಲಿ ಬಂಗುಡೆಯ ಫೋಟೋ ತೆಗೆದುಕೊಂಡು ಬಂದು, "ಇದ್ನ್ ಕಂಡ್ಕಂಡ್ ಗಂಜಿ ಉಣ್" ಅನ್ನುತ್ತಾನೆ. ಅಲ್ಲಿಂದ ನಾನು ಬೈಯಬೇಕು. ಕೊನೆಗೆ ಅವರೊಂದು ಮಾತು ಎಸೆದು ಕೊಡೆ ಬಿಡಿಸಿ ಓಡಬೇಕು. ಅಷ್ಟಕ್ಕೆ ಎರಡೇ ನಿಯಮ.

"ಕಾಣಿ ಟೀಚ್ರೆ, ಜನ ನೆಗಾಡುವತಿಗೆ ಬಾಯ್ ಮುಚ್ಚಿ. ಅಳಿವೆ ದಾಟುವಾಗ ಎಂತ ಮಾಡ್ತ್ರ್? ದೊಡ್ಡ ತೆರಿ ಹೋಯ್ಲಿ ಅಂದೇಳಿ ಕಾಯ್ತ್ರ್ ಅಲ್ದಾ? ಹಂಗೇ. ತೆರಿ ಇಳಿತ್, ಕೂಡ್ಲೆ ನುಗ್ಗಿ. ಮತ್ತೂ ಕಾದ್ರೆ ದೋಣಿ ಮಗ್ಚಿ ಹೋತ್ತ್."

ನದಿ ಕಡಲಿಗೆ ಸೇರುವ ಬಾಯಲ್ಲಿ ದೋಣಿಯವರು ಅಲೆ ಎಣಿಸುತ್ತಾ ಕಾಯುವುದನ್ನು ನಾನೂ ನೋಡಿದ್ದೆ. ಅರ್ಥವಾಯಿತು.

"ಇನ್ನೊಂದ್. ಅಲ್ಲಿ ನಾನ್ ಎಂತ ಹೇಳ್ರೂ ನಿಮ್ ಉತ್ರ ಬರ್ಕ್. ಎಂತ ಹೇಳ್ರೂ. ನೀವ್ ಸುಮ್ನಾರೆ ನಾನ್ ಸತ್ತೆ."

ಮೊದಲ ಪ್ರದರ್ಶನ ವಂಡ್ಸೆಯಲ್ಲಿ. ನನ್ನ ತವರಿನವರೆಲ್ಲ ಮುಂದಿನ ಸಾಲಿನಲ್ಲಿ. ನಾನು ಬೈಯಲು ಶುರುಮಾಡುವುದಕ್ಕೂ ಕರೆಂಟು ಹೋಗುವುದಕ್ಕೂ ಸಮ ಆಯಿತು. ಮೈಕು ಸತ್ತಿತು. ಶೀನಣ್ಣ ಒಂದು ಕ್ಷಣ ಮೈಕನ್ನು ನೋಡಿದರು. ಆಮೇಲೆ ಕರೆಂಟಿನ ಜೊತೆ ತಮ್ಮ ಸ್ವರವೂ ಹೋಯಿತೆಂಬಂತೆ ಬರೀ ತುಟಿ ಆಡಿಸಿ ಮಾತಾಡತೊಡಗಿದರು. ಕೈ ಬೀಸಿ, ಕಣ್ಣರಳಿಸಿ, ಎದೆ ಬಡಿದುಕೊಂಡು, ಒಂದಿಷ್ಟೂ ಶಬ್ದವಿಲ್ಲದೆ. ನನಗೆ ಏನಾಯಿತೋ, ನಾನೂ ಹಾಗೆಯೇ ಶಬ್ದವಿಲ್ಲದೆ ಬೈದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಿದ್ದು ಬಿದ್ದು ನಕ್ಕರು. ಕರೆಂಟು ಬಂದದ್ದೇ ಅವರು "ಅಯ್ಯಬ್ಬಾ!" ಎಂದು ಕಿರುಚಿ ಕಿವಿ ಮುಚ್ಚಿಕೊಂಡರು, ನಾನು ಅಷ್ಟು ಹೊತ್ತು ಬೈದದ್ದೆಲ್ಲ ಈಗ ಒಟ್ಟಿಗೆ ಕೇಳಿಸಿದ ಹಾಗೆ. ಇಂಥದ್ದನ್ನು ಯಾರು ಯಾರಿಗೆ ಕಲಿಸಲು ಸಾಧ್ಯ? ಆ ಮನುಷ್ಯನ ಪಕ್ಕದಲ್ಲಿ ನಿಂತಾಗ ನಾನು ಇದ್ದದ್ದಕ್ಕಿಂತ ಜಾಣೆಯಾಗುತ್ತಿದ್ದೆ. ಅಷ್ಟು ಖುಷಿ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬಸ್ಸಿನಲ್ಲಿ ಮರಳುವಾಗ ಮಾತ್ರ ಅವರು ಕಿಟಕಿ ಬದಿಗೆ ತಿರುಗಿ ಸುಮ್ಮನೆ ಕೂರುತ್ತಿದ್ದರು.

ಅದು ಯಾಕೆಂದು ಬೈಂದೂರಿನ ಪ್ರದರ್ಶನದಲ್ಲಿ ಗೊತ್ತಾಯಿತು. ಅಥವಾ ಗೊತ್ತಾಗಲು ಶುರುವಾಯಿತು. ನಡುವಿನಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಹ್ವಾಯ್ ಶೀನಣ್ಣ, ಆ ಉಗ್ಗಿನ್ ಹೆಂಡ್ತಿದ್ ಒಂದ್ ಮಾಡಿ!" ಜನ ಚಪ್ಪಾಳೆ ಹೊಡೆದರು. ಶೀನಣ್ಣನ ಕೈಯಿಂದ ಕೊಡೆ ಜಾರಿತು. ಬಗ್ಗಿ ಹೆಕ್ಕಿಕೊಂಡು, "ಆ ಹೆಂಡ್ತಿ ಈಗ ಮಾತೇ ಬಿಟ್ಟಿತ್ ಮಾರಾಯ್ರೆ," ಅಂದರು. ಜನ ಇನ್ನೂ ಜೋರಾಗಿ ನಕ್ಕರು. ನಾನೂ ಒಳ್ಳೆಯ ಮಾತೆಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಮನೆಗೆ ಬಂದು ಇದನ್ನು ಹೇಳಿದರೆ ನನ್ನ ಯಜಮಾನರು ನಗಲಿಲ್ಲ, ಹಿಂದೆ ನಡೆದದ್ದನ್ನು ಹೇಳಿದರು. ಶೀನಣ್ಣನ ನಿಜವಾದ ಹೆಂಡತಿ ಗಿರಿಜಕ್ಕನಿಗೆ ಮಾತು ಉಗ್ಗುತ್ತದೆ. ನಾನು ಈ ಊರಿಗೆ ಬರುವ ಎಷ್ಟೋ ಮೊದಲು, ಬ್ರಹ್ಮಾವರದ ಒಂದು ಕಾರ್ಯಕ್ರಮದಲ್ಲಿ ಶೀನಣ್ಣ ಉಗ್ಗುವ ಹೆಂಡತಿ ಅಂಗಡಿಗೆ ಫೋನ್ ಮಾಡುವ ಐಟಂ ಮಾಡಿದರು. ಸಭೆ ಕುಸಿದುಬೀಳುವಷ್ಟು ನಗು. ಗಿರಿಜಕ್ಕ ತವರಿನವರ ಜೊತೆ ಅದೇ ಸಭೆಯಲ್ಲಿದ್ದರು. ಪರಿಚಯದವರೆಲ್ಲ ನಗುತ್ತಾ ಹಿಂದಿರುಗಿ ಅವರ ಮುಖವನ್ನೇ ನೋಡಿದರಂತೆ. ಮರುದಿನದಿಂದ ಗಿರಿಜಕ್ಕ ಗಂಡನ ಜೊತೆ ಮಾತು ನಿಲ್ಲಿಸಿದರು. ಗಂಜಿ ಬಡಿಸುತ್ತಾರೆ, ಬಟ್ಟೆ ಒಗೆಯುತ್ತಾರೆ, ಜ್ವರ ಬಂದರೆ ಕಷಾಯ ಕಾಯಿಸಿಕೊಡುತ್ತಾರೆ. ಮಾತಿಲ್ಲ. ಶೀನಣ್ಣ ಆ ಐಟಂ ಬಿಟ್ಟರು, ಊರಿನವರು ಬಿಡಲಿಲ್ಲ. ಬಸ್ ನಿಲ್ದಾಣದ ಹುಡುಗರೂ ಅಣಕಿಸತೊಡಗಿದರು. ಬ್ರಹ್ಮಾವರದ ಮಾರ್ಕೆಟಿನಲ್ಲಿ ಮೀನು ಮಾರುವ ಗಿರಿಜಕ್ಕ ಆಮೇಲೆ ದರ ಹೇಳುವುದನ್ನೂ ಬಿಟ್ಟು ಬೆರಳೆತ್ತಿ ತೋರಿಸತೊಡಗಿದರು. ಹನ್ನೊಂದು ವರ್ಷವಾಗಿತ್ತು.

ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಅಂಥದ್ದು ಮಾಡಿದವರ ಪಕ್ಕದಲ್ಲಿ ಹೆಂಡತಿಯೆಂದು ನಿಂತು ಚಪ್ಪಾಳೆ ಗಿಟ್ಟಿಸುತ್ತಿದ್ದವಳು ನಾನೇ ಅಲ್ಲವೇ? ಬಿಡೋಣವೆಂದರೆ ಆ ಖುಷಿ ಬಿಡಲು ಮನಸ್ಸಿಲ್ಲ. ಮುಂದಿನ ಭಾನುವಾರ ಬಸ್ಸಿನಲ್ಲಿ ನೇರ ಕೇಳಿದೆ.

"ಶೀನಣ್ಣ, ಮನಿಯಂಗ್ ಗಿರಿಜಕ್ಕನ್ ಹತ್ರ ಒಂದ್ ತಪ್ಪಾಯ್ತ್ ಅಂದ್ರೆ ಎಂತ ಗಂಟ್ ಹೋತ್ತ್ ನಿಮ್ಗೆ?"

ಅವರು ಮಳೆ ನೋಡುತ್ತಲೇ ಹೇಳಿದರು: "ನಾನ್ ಹೇಳಿದ್ದ್ ಯಾರ್ ನಂಬ್ತ್ರ್ ಟೀಚ್ರೆ? ಮೊನ್ನೆ ಡಾಕ್ಟ್ರ್ ಹತ್ರ ಎದಿ ನೋವ್ ಅಂದೆ. ಅವ್ರೂ ನೆಗಾಡ್ರ್."

ಹೇಳಿದ ರೀತಿಗೆ ನನಗೂ ನಗು ಬಂದುಬಿಟ್ಟಿತು. ಅವರು ನನ್ನ ಮುಖ ನೋಡಿ, "ಕಂಡ್ರ್ಯಾ?" ಅಂದು ಮತ್ತೆ ಕಿಟಕಿಗೆ ತಿರುಗಿದರು.

ಆಸಾಡಿ ಅಮಾವಾಸ್ಯೆಯ ದಿನ ಮಧ್ಯಾಹ್ನ ನಮ್ಮ ಹಂಗಾರಕಟ್ಟೆಯಲ್ಲೇ ಕಾರ್ಯಕ್ರಮ ಗೊತ್ತಾಯಿತು. ಹನ್ನೊಂದು ವರ್ಷ ಸ್ವಂತ ಊರಿನಲ್ಲಿ ಕೊಡೆ ಬಿಡಿಸದ ಶೀನಣ್ಣ ಅದಕ್ಕೆ ಹೂಂ ಅಂದರು. ಯಾಕೆಂದು ಹೇಳಲಿಲ್ಲ. ನನ್ನ ಬುದ್ಧಿ ಸುಮ್ಮನಿರಬೇಕಲ್ಲ? ಸುಮ್ಮನಿರಲಿಲ್ಲ. ಇವರಿಬ್ಬರನ್ನು ಒಂದು ಮಾಡುವ ಭಾರ ದೇವರು ನನ್ನ ತಲೆಗೇ ಹೊರಿಸಿದ್ದಾನೆಂದು ತಿಳಿದು ಕಾರ್ಯಕ್ರಮಕ್ಕೆ ಕರೆಯಲು ಗಿರಿಜಕ್ಕನ ಮನೆಗೆ ಹೋದೆ. ಒಳಗೆ ಒಲೆಯ ಮೇಲಿನ ಅಟ್ಟದಿಂದ ಒಣಮೀನು ಇಳಿಸುತ್ತಿದ್ದರು. ನಾನೊಬ್ಬಳೇ ಮಾತಾಡಿದೆ. ಅವರೇನೋ ಹೇಳಲು ಬಾಯಿ ತೆರೆದರು, ಮೊದಲ ಅಕ್ಷರ ಹೊರಡುವ ಮೊದಲೇ ನಾನು, "ಸಮಯ ಇಲ್ಲ ಅಂತ್ರ್ಯಾ? ಮಧ್ಯಾಹ್ನ ಅಕ್ಕ, ಮೂರ್ ಗಂಟಿಗೆ," ಎಂದು ಅವರ ಮಾತನ್ನೂ ನಾನೇ ಆಡಿ ಮುಗಿಸಿದೆ. ಅವರು ಬಾಯಿ ಮುಚ್ಚಿದರು. ಹೊರಡುವಾಗ ಹಿಡಿಯಷ್ಟು ಒಣಸಿಗಡಿ ಕಟ್ಟಿ ಕೈಗಿಟ್ಟರು. ಅದು ಬರುತ್ತೇನೆಂದೋ, ಹೋಗಮ್ಮ ತಾಯಿ ಸಾಕು ಎಂದೋ ನನಗೆ ಹೊಳೆಯಲಿಲ್ಲ.

ಆದರೆ ಬಂದರು. ಮೂರನೆಯ ಸಾಲು, ಹೆಂಗಸರ ನಡುವೆ, ಹಸಿರು ಸೀರೆ. ನಾನು ಪರದೆಯ ಸಂದಿಯಿಂದ ನೋಡಿ ಶೀನಣ್ಣನಿಗೆ ಹೇಳಿದೆ. ಅವರು ಮುಖಕ್ಕೆ ಪೌಡರ್ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

ಅವತ್ತು ನಾನು ಬೈದಷ್ಟು ಚೆನ್ನಾಗಿ ಯಾವತ್ತೂ ಬೈದಿರಲಿಲ್ಲ. ಹತ್ತು ನಿಮಿಷ, ಉಸಿರು ಬಿಡದೆ. ಊರಿನವರೇ ಆದ್ದರಿಂದ ನಗುವೂ ಜಾಸ್ತಿ. ಕೊನೆಗೆ ಶೀನಣ್ಣ ಓಡಬೇಕು. ಓಡಲಿಲ್ಲ. ಕೊಡೆಯನ್ನು ನೆಲಕ್ಕಿಟ್ಟರು. ಹೆಗಲ ಮೇಲಿನ ಬೈರಾಸ, ಅದೇ ಟವೆಲು, ತೆಗೆದು ಕೈಯಲ್ಲಿ ಹಿಡಿದರು.

ಹೆಂಡತಿಯನ್ನು ಕರೆಯುವ ಹಾಗೆ, "ಹೆಣೆ, ನಂದ್ ತಪ್ಪಾಯ್ತ್," ಅಂದರು. "ಒಂದ್ ಮಾತಾಡ್."

ಮೂರನೆಯ ಸಾಲಿನಲ್ಲಿ ಹಸಿರು ಸೀರೆ ಎದ್ದು ನಿಂತದ್ದು ನನಗೆ ಕಂಡಿತು. ಕಂಡಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಭೆಯಲ್ಲಿ ಸದ್ದಿಲ್ಲ. ನಗುವಿನ ತೆರೆ ಇಳಿದಿದೆ. ಒಂದು, ಎರಡು, ಮೂರು ಎಣಿಸಿದೆ. ಇನ್ನೂ ಕಾದರೆ ದೋಣಿ ಮಗುಚುತ್ತದೆ. ಎಂತ ಹೇಳಿದರೂ ಉತ್ತರ ಬರಬೇಕೆಂದಿದ್ದರಲ್ಲ?

"ಒಂದ್ ಮಾತಾ? ಇಷ್ಟೊತ್ತ್ ಬೊಬ್ಬಿ ಹೊಡದ್ದ್ ಯಾರ್, ನಿಮ್ಮಜ್ಜಿಯಾ?"

ಚಾವಣಿ ಹಾರಿಹೋಗುವಷ್ಟು ನಗು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಗಲಾಟೆ ಇಳಿಯುವಷ್ಟರಲ್ಲಿ ಹಸಿರು ಸೀರೆ ಬಾಗಿಲು ದಾಟಿತ್ತು. ಶೀನಣ್ಣ ಕೊಡೆ ಹೆಕ್ಕಿಕೊಂಡು, ಬಿಡಿಸಿ, ಓಡಿದರು.

ಪರದೆಯ ಹಿಂದೆ ನಾನು ಅವರ ಮುಖ ನೋಡಲು ಹೆದರಿ ನಿಂತಿದ್ದೆ. ಅವರು ಪೌಡರ್ ಒರೆಸಿಕೊಳ್ಳುತ್ತಾ, "ಲಾಯ್ಕ್ ಆಯ್ತ್ ಟೀಚ್ರೆ. ಆ ಉತ್ರ ಬಿಡ್ಬೇಡಿ, ಬಪ್ಪೊರ್ಷಕ್ಕೂ ಬೇಕ್," ಅಂದರು. ಹಾಗಾದರೆ ಅದು ತಮಾಷೆಯೇ ಆಗಿತ್ತು, ನಾನು ಸುಮ್ಮನೆ ಏನೇನೋ ಎಣಿಸಿದೆ ಎಂದು ನಿಟ್ಟುಸಿರುಬಿಟ್ಟು ಮನೆಗೆ ಹೋದೆ. ಆದರೆ ಮರುವರ್ಷ ಅವರು ವೇದಿಕೆ ಹತ್ತಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ನೋವು ಅಂದರು. ದೋಣಿಯ ಮೇಲೆ ಮಾತ್ರ ಅದೇ ಮೊಣಕಾಲಿನಲ್ಲಿ ಹತ್ತಿ ಇಳಿಯುತ್ತಿದ್ದರು. ಆಮೇಲೆ ಕೊರೊನಾ ಬಂತು, ಹೋಯಿತು. ಹೋದ ವರ್ಷ ಶೀನಣ್ಣ ತೀರಿಕೊಂಡರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆ. ಗಿರಿಜಕ್ಕ ನನ್ನನ್ನು ನೋಡಿದರು, ಹತ್ತಿರ ಬರಲಿಲ್ಲ.

ಅವತ್ತಿನ ವಿಡಿಯೋ ಯಾರೋ ತೆಗೆದದ್ದು ಈಗಲೂ ಮೊಬೈಲಿನಿಂದ ಮೊಬೈಲಿಗೆ ತಿರುಗುತ್ತಾ ಇರುತ್ತದೆ. ಎಷ್ಟು ಸಲ ನೋಡಿದೆನೋ. ತಪ್ಪಾಯಿತು ಅನ್ನುವಾಗ ಅವರ ಕಣ್ಣು ನನ್ನ ಕಡೆಗಿತ್ತೋ ಮೂರನೆಯ ಸಾಲಿನ ಕಡೆಗೋ ಎಂದು ನಿಲ್ಲಿಸಿ, ದೊಡ್ಡದು ಮಾಡಿ ನೋಡಿದ್ದೇನೆ. ಸರಿಯಾಗಿ ಅಲ್ಲಿಗೆ ಮುಂದೆ ಕೂತ ಒಬ್ಬರ ತಲೆ ಅಡ್ಡ ಬರುತ್ತದೆ. ಆ ತಲೆ ಯಾರದ್ದೆಂದು ಗೊತ್ತಿದ್ದರೆ ಇವತ್ತೇ ಹೋಗಿ ಬೈದು ಬರುತ್ತಿದ್ದೆ.

ಹಾಲಾಡಿಯ ಆ ಮದುವೆ ಮುಗಿಸಿ ಬಂದ ಮೇಲೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಗಿರಿಜಕ್ಕನ ಮನೆಗೆ ಹೋದೆ. ಕೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಮೇಲಾದರೂ ನೀವಿಬ್ಬರೂ ಮಾತಾಡಿಕೊಂಡಿರಾ? ಅವರು ಅವತ್ತು ಹೇಳಿದ್ದು ನಿಮಗೆಂದು ನಿಮಗೆ ಅನ್ನಿಸಿತ್ತೇ?

ಅವರು ಜಗಲಿಯಲ್ಲಿ ಮಣೆ ಹಾಕಿಕೊಂಡು ಮೀನು ಹೆಚ್ಚುತ್ತಿದ್ದರು. ನನ್ನನ್ನು ಕಂಡು ಕತ್ತಿ ಕೆಳಗಿಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ಟೀಚ್ರೆ," ಅಂದರು. ಅವರ ಸ್ವರವನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ಮುಂದಿನ ಮಾತು ಬಾಯಲ್ಲೇ ಸಿಕ್ಕಿಕೊಂಡಿತು. ಅದು ಯಾವುದೆಂದು ನನಗೆ ಗೊತ್ತಾಯಿತು, ತುಟಿಯವರೆಗೂ ಬಂತು, ನಾಲಿಗೆ ಕಚ್ಚಿ ಕೂತೆ. ಅವರು ಒಂದೊಂದೇ ಶಬ್ದವನ್ನು ಬಿಡಿಸಿಕೊಂಡು ಕೇಳಿದರು.

"ಆವತ್ತ್ ಅವ್ರ್ ತಪ್ಪಾಯ್ತ್ ಅಂದದ್ದ್ ನಿಮ್ಗಾ, ನಂಗಾ?"

ಇದನ್ನು ಕೇಳಲು ಬಂದವಳು ನಾನು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರಿಗೂ ಗೊತ್ತಿಲ್ಲವೆಂದರೆ ಇನ್ನು ಯಾರನ್ನು ಕೇಳುವುದು? ಗೊತ್ತಿಲ್ಲ ಅನ್ನಬಹುದಿತ್ತು. ಅದೇ ಸತ್ಯ. ಆದರೆ ಆ ಮುಖ ನೋಡಿ ಹೇಳಲಾಗಲಿಲ್ಲ.

"ನಿಮ್ಗೇ ಗಿರಿಜಕ್ಕ. ನಿಮ್ಗೇ ಹೇಳಿದ್ದ್," ಅಂದೆ.

ಅವರ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡರು. ನನಗೆ ಎದೆಯ ಭಾರ ಇಳಿದ ಹಾಗಾಯಿತು. ಕೊನೆಗೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಸಮಾಧಾನದಿಂದ ಎದ್ದು ಹೊರಡಲು ನೋಡಿದೆ. ಅವರು ಕೈಸನ್ನೆಯಲ್ಲಿ ಕೂರಿಸಿದರು. ಮತ್ತೆ ಮಾತು ಹೊರಡಲು ತುಂಬಾ ಹೊತ್ತು ಹಿಡಿಯಿತು. ನಾನು ಕಾದೆ.

"ಆವತ್ತ್ ನಾನ್ ಎದ್ದ್ ನಿಂತದ್ದ್ ಹೋಪುಕೆ ಅಲ್ಲ ಟೀಚ್ರೆ, ಮಾತಾಡುಕೆ," ಅಂದರು. "ಅವ್ರ್ ನಂಗೇ ಹೇಳಿದ್ದ್ ಆದ್ರೆ, ನೀವ್ ಎಂತಕ್ಕ್ ಉತ್ರ ಕೊಟ್ಟದ್ದ್?"